ನಿಂಕೆಯ ಎಡಗಿವಿ

ಈಜು ಪರೀಕ್ಷೆಯ ದಿನ ಒಂದು ಮಗುವಿನ ಕಡೆಯಿಂದ ಇಬ್ಬರು ಮಾತ್ರ ಕೊಳದ ಬದಿಯಲ್ಲಿ ಕೂರಬಹುದು ಎಂದು ಪೋಷಕರ ಸಭೆಯಲ್ಲಿ ಅಲಿಡಾ ಟೀಚರ್ ಹೇಳಿದಾಗ ಮರಿಟ್ ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. ನನಗೆ ಅಷ್ಟೇ ಸಾಕಾಯಿತು. ಒಂದು ಕುರ್ಚಿ ಅವಳದು, ಅವಳು ತಾಯಿ. ಇನ್ನೊಂದು ನನ್ನದಲ್ಲ.

ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ಅಂದಳು, "ರುಟ್ಗರ್ ಬರ್ತೀನಿ ಅಂದಿದಾನೆ."

"ಯಾವ ರುಟ್ಗರ್?"

"ಎಷ್ಟು ಜನ ರುಟ್ಗರ್ ಗೊತ್ತು ನಿಂಗೆ? ನಿಂಕೆ ಅಪ್ಪ."

ನಿಂಕೆಯ ಅಪ್ಪ. ಸಮುದ್ರದ ನಡುವೆ ಗಾಳಿಯಂತ್ರಗಳನ್ನು ನಿಲ್ಲಿಸುವ ಹಡಗಿನಲ್ಲಿ ಅವನಿಗೆ ಕೆಲಸ. ನಿಂಕೆ ಇನ್ನೂ ತೆವಳುತ್ತಿದ್ದಾಗಲೇ ಈ ಮನೆಯಿಂದ ಹೊರಟವನು. ಆಮೇಲೆ ಮರಿಟ್ ಜೊತೆ ಬಾಳಲು ಬಂದವನು ನಾನು. ಅವನು ವರ್ಷಕ್ಕೆ ಒಂದಷ್ಟು ಸಲ ಬಿಸಿಲಿಗೆ ಸುಟ್ಟ ಮುಖ, ಬಿಳಿ ಹಲ್ಲು, ದೊಡ್ಡ ಗೊಂಬೆ ಹಿಡಿದುಕೊಂಡು ಬರುತ್ತಾನೆ. ಅವನು ಬಂದ ದಿನ ಮನೆಯಲ್ಲಿ ಹಬ್ಬ. ಅವನು ಹೋದ ಮೇಲೆ ಅವಳ ಜ್ವರ, ಅವಳ ಕನಸು, ಅವಳ ಹಲ್ಲುಜ್ಜುವ ಜಗಳ, ಎಲ್ಲ ನನಗೆ. ನನ್ನನ್ನು ಅವಳು ವೀಟ್ಸೆ ಎಂದೇ ಕರೆಯುತ್ತಾಳೆ. ಅವನನ್ನು ಅಪ್ಪ ಎನ್ನುತ್ತಾಳೆ. ಮೊಳೆ ಹೊಡೆದ ಹಾಗೆ ಕೇಳಿಸುತ್ತದೆ ನನಗೆ ಆ ಮಾತು.

ನಮ್ಮ ಮನೆಯ ಹಿಂಬಾಗಿಲು ತೆಗೆದರೆ ಸ್ವಲ್ಪ ಹುಲ್ಲು, ಹುಲ್ಲು ಮುಗಿದಲ್ಲೇ ಕಾಲುವೆ. ಈ ಬೀದಿಯ ಎಲ್ಲ ಮನೆಗೂ ಹಾಗೇ. ಈಜು ಬಾರದ ಮಗು ಇರುವ ಮನೆ ಅಂದರೆ ಹಗಲೂ ಚಿಲಕ ಹಾಕಿಕೊಂಡು ಬದುಕುವ ಮನೆ. ಅದಕ್ಕೇ ನಮ್ಮಲ್ಲಿ ಮಕ್ಕಳು ಓದು ಕಲಿಯುವ ಮೊದಲೇ ಈಜು ಕಲಿಯಬೇಕು. ಅದೂ ಬಟ್ಟೆ ತೊಟ್ಟು, ಬೂಟು ಹಾಕಿ. ಈಜುಡುಗೆ ಹಾಕಿಕೊಂಡು ಯಾರೂ ಕಾಲುವೆಗೆ ಜಾರಿ ಬೀಳುವುದಿಲ್ಲವಲ್ಲ.

ಆ ಬಟ್ಟೆಯನ್ನು ಹೊಂದಿಸಿದವನು ನಾನು. ನಾನು ರಸ್ತೆಗೆ ಇಟ್ಟಿಗೆ ಹಾಸುವವನು. ನಮ್ಮ ಮೇಸ್ತ್ರಿ ಕೊಟ್ಟ ಹಳದಿ ಅಂಗಿಯೊಂದು ಹರಿದಿತ್ತು. ಅದರ ತೋಳು ಕತ್ತರಿಸಿ, ಅಂಚು ಮಡಿಸಿ ಹೊಲಿದು ಅವಳ ಅಳತೆಗೆ ತಂದೆ. ಹಳೆ ಸಾಮಾನಿನ ಅಂಗಡಿಯಲ್ಲಿ ತೆಳು ಅಡಿಯ ಬೂಟು ಹುಡುಕಿದೆ. ಒಂದೂವರೆ ವರ್ಷ ಪ್ರತಿ ಶನಿವಾರ ಬೆಳಿಗ್ಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದವನು ನಾನು. ಮರಿಟ್‌ಗೆ ಶನಿವಾರ ಬೇಕರಿಯಲ್ಲಿ ಪಾಳಿ. ಕ್ಯಾಂಟೀನಿನ ಗಾಜಿನ ಹಿಂದೆ ತಾಯಂದಿರ ನಡುವೆ ಕೂತು, ಕೊಳದ ಆ ತುದಿಯಿಂದ ಅವಳು ಕೈ ಬೀಸಿದಾಗಲೆಲ್ಲ ಎದ್ದು ನಿಂತು ಕೈ ಬೀಸಿದವನು ನಾನು. ಕೈ ಬೀಸುವಾಗ ಅವಳು ಈಜು ಮರೆತು ಮುಳುಗುತ್ತಿದ್ದಳು. ಅಲಿಡಾ ಟೀಚರ್ ಕೋಲು ಚಾಚಿ, ಗಾಜಿನ ಕಡೆ ತಿರುಗಿ ನನ್ನನ್ನು ಗದರುತ್ತಿದ್ದಳು. ಗಾಜು ದಪ್ಪ. ಬೈಗುಳ ಕೇಳುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು.

ಆಮೇಲೆ ಕಿವಿ.

ಹೋದ ಚಳಿಗಾಲ ಅವಳ ಎಡಗಿವಿ ಕೆಟ್ಟಿತ್ತು. ದಿಂಬಿಗೆ ತಲೆ ಇಡಲಾರದೆ ನನ್ನ ಎದೆಗೆ ಒರಗಿ ಅತ್ತಿದ್ದಳು. ಕೊಳದ ನೀರು ಕಿವಿಯಲ್ಲೇ ಉಳಿದರೆ ಒಳಗಿನ ಚರ್ಮ ನೆನೆದು ಮೆತ್ತಗಾಗುತ್ತದೆ, ಅಲ್ಲಿ ಸೋಂಕು ಮನೆ ಮಾಡುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಟವೆಲಿನ ಮೂಲೆಗಿಂತ ಸಣ್ಣದು ಯಾವುದೂ ಕಿವಿಗೆ ಹೋಗಬಾರದು, ಹತ್ತಿಯ ಕಡ್ಡಿಯಂತೂ ಮನೆಯಲ್ಲೇ ಇರಬಾರದು ಎಂದೂ ಹೇಳಿದ್ದರು. ಅವತ್ತೇ ಬಚ್ಚಲಿನ ಕಪಾಟಿನಿಂದ ಕಡ್ಡಿಯ ಡಬ್ಬಿ ತೆಗೆದು ಬಿಸಾಡಿದೆ.

ನಾವಿಬ್ಬರೂ ಸೇರಿ ಒಂದು ಆಟ ಮಾಡಿಕೊಂಡೆವು. ಕಿವಿಯೊಳಗೆ ಒಂದು ಹೆರಿಂಗ್ ಮೀನು ಹೊಕ್ಕಿದೆ. ತಲೆ ವಾಲಿಸಬೇಕು. ನಾನು ಕಿವಿಯ ಮೇಲಂಚನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಹಿಡಿಯುತ್ತೇನೆ. ಅವಳು ಅದೇ ಕಡೆಯ ಕಾಲಿನಲ್ಲಿ ಕುಣಿಯಬೇಕು.

"ಇಳಿಯೋ ಮೀನೇ, ಇಳಿಯೋ!"

"ಇಳೀತಾ?"

"ಬಾಲ ಇನ್ನೂ ಒಳಗಿದೆ ವೀಟ್ಸೆ!"

ನೀರು ಬೆಚ್ಚಗೆ ಭುಜಕ್ಕೆ ಇಳಿದಾಗ ಕಿರುಚುತ್ತಿದ್ದಳು. ಆಮೇಲೆ ಟವೆಲಿನ ಮೂಲೆಯಿಂದ ಹೊರಗಷ್ಟೇ ಒರೆಸುವುದು. ಆಮೇಲೆ ಇನ್ನೊಂದು ಕಿವಿ. ಬಟ್ಟೆ ಬದಲಿಸುವ ಕೋಣೆಯ ಹೆಂಗಸರು ನಗುತ್ತಿದ್ದರು. ನಗಲಿ. ಆ ಚಳಿಗಾಲದ ನಂತರ ಅವಳ ಕಿವಿ ಒಮ್ಮೆಯೂ ಕೆಟ್ಟಿರಲಿಲ್ಲ.

ಮರಿಟ್‌ಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಕುರ್ಚಿ ಅವನಿಗೆ.

"ಅವನು ಅವಳ ಅಪ್ಪ ಕಣೋ. ನಾಳೆ ದೊಡ್ಡೋಳಾಗಿ, ಅಪ್ಪನ್ನ ಯಾಕೆ ಕರೀಲಿಲ್ಲ ಅಂತ ಕೇಳಿದ್ರೆ ಏನು ಹೇಳ್ಲಿ?"

"ಹೇಳು. ನಿಮ್ಮಪ್ಪ ಹಡಗಿನ ಮೇಲೆ ಹಲ್ಲು ಕಿರೀತಾ ಇದ್ದ ಅಂತ."

"ನೀನು ಮೇಲೆ ಗಾಜಿನ ಹಿಂದೆ ಇರ್ತೀಯಲ್ಲ. ಯಾವಾಗ್ಲೂ ಇರೋ ಜಾಗ."

ಅದನ್ನು ಅವಳು ಕೆಟ್ಟದಾಗಿ ಹೇಳಲಿಲ್ಲ. ಒಳ್ಳೆಯದಾಗಿಯೇ ಹೇಳಿದಳು. ಅದು ಇನ್ನೂ ಉರಿಯಿತು. ಅವತ್ತು ಮಧ್ಯಾಹ್ನ ಕೆಲಸದಲ್ಲಿ ಒಳ್ಳೆಯ ಇಟ್ಟಿಗೆಗಳನ್ನು ಸುತ್ತಿಗೆಯಿಂದ ಹೊಡೆದು ಒಡೆದೆ. ಮೇಸ್ತ್ರಿ ಕೇಳಿದ, "ಯಾರಪ್ಪಾ ಅದು, ಇಟ್ಟಿಗೆ ರೂಪದಲ್ಲಿ ಬಂದಿರೋನು?"

ಪರೀಕ್ಷೆಗೆ ಇನ್ನೊಂದು ವಾರವಿರುವಾಗ ರುಟ್ಗರ್ ಬಂದ. ಬಾಗಿಲಲ್ಲಿ ನನ್ನ ಭುಜ ತಟ್ಟಿ, "ಏನು ಗುರು, ಚೆನ್ನಾಗಿದೀಯಾ? ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಂಡಿದೀಯ," ಅಂದ. ಹೋಟೆಲಿನಲ್ಲಿ ಕೆಲಸದವನಿಗೆ ಹೇಳುವ ಹಾಗೆ. ನಿಂಕೆ ಅವನ ಕತ್ತಿಗೆ ನೇತಾಡುತ್ತಿದ್ದಳು. ಶನಿವಾರ ಭಾನುವಾರ ಎರಡೂ ದಿನ ಅವಳನ್ನು ಒಂದು ವಿಹಾರಧಾಮಕ್ಕೆ ಕರೆದುಕೊಂಡು ಹೋದ. ಅಲ್ಲಿ ಜಾರುಬಂಡೆಗಳಿರುವ ಬಿಸಿನೀರಿನ ಕೊಳ, ಅಲೆ ಏಳುವ ಕೊಳ. ಹೊರಡುವಾಗ ನಾನು ಅವಳ ಟವೆಲು ಚೀಲಕ್ಕೆ ತುರುಕುತ್ತ ಹೇಳಿದೆ, "ಅವಳ ಕಿವಿ ಸೂಕ್ಷ್ಮ. ನೀರಿಂದ ಎದ್ದ ತಕ್ಷಣ..."

"ಮಾರಾಯ, ನಾನು ಸಮುದ್ರದ ಮೇಲೆ ಬದುಕೋನು. ನೀರಿನ ವಿಷ್ಯ ನಂಗೆ ಹೇಳ್ತೀಯಾ?"

ಮರಿಟ್ ನಕ್ಕಳು. ಸಣ್ಣ ನಗು. ಆದರೂ ನಕ್ಕಳು.

ಭಾನುವಾರ ಸಂಜೆ ನಿಂಕೆ ಕೆನ್ನೆ ಕೆಂಪಗೆ ಮಾಡಿಕೊಂಡು, ಬಾಯಿ ತುಂಬ ಮಾತು ತುಂಬಿಕೊಂಡು ಬಂದಳು. ಜಾರುಬಂಡೆ ಇಷ್ಟುದ್ದ, ಅಲೆ ಇಷ್ಟೆತ್ತರ, ಅಪ್ಪ ಅವಳನ್ನು ಭುಜದ ಮೇಲೆ ನಿಲ್ಲಿಸಿ ಎಸೆದ. ನಾನು ಕೇಳಿದೆ, "ಮೀನು ಇಳಿಸಿದ್ರಾ?"

ಅವಳು ಅಪ್ಪನ ಹಾಗೆಯೇ ಭುಜ ಕುಣಿಸಿದಳು. "ಅದು ಪಾಪುಗಳ ಆಟ ಅಂತೆ. ಅಪ್ಪ ಕಡ್ಡೀಲಿ ಕ್ಲೀನ್ ಮಾಡಿದ. ಹತ್ತಿ ಕಡ್ಡೀಲಿ. ಎರಡೂ ದಿನ. ಕಚಗುಳಿ ಆಯ್ತು."

ಪಾಪುಗಳ ಆಟ. ಒಂದೂವರೆ ವರ್ಷದ ನನ್ನ ಶನಿವಾರಗಳಿಗೆ ಅವನು ಇಟ್ಟ ಹೆಸರು ಅದು. ಚೀಲದಿಂದ ಒದ್ದೆ ಟವೆಲು ಎಳೆದು ತೆಗೆದು ಹಗ್ಗಕ್ಕೆ ಹಾಕಿದೆ.

ಗುರುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನನಗೆ ಗೊತ್ತಾಯಿತು. ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುವುದೆಂದರೆ ಅವಳಿಗೆ ಪ್ರಾಣ. ಅವತ್ತು ಮೆಲ್ಲಗೆ, ಬಲಗಡೆಯಲ್ಲಿ ಮಾತ್ರ ಅಗಿಯುತ್ತಿದ್ದಳು. ಮನೆಯೊಳಗೇ ಉಣ್ಣೆಯ ಟೋಪಿ ಹಾಕಿಕೊಂಡಿದ್ದಳು, ಕಿವಿ ಮುಚ್ಚುವ ಹಾಗೆ. ಮರಿಟ್ ಮಹಡಿಯಲ್ಲಿ ಸ್ನಾನ ಮಾಡುತ್ತಿದ್ದಳು.

"ಟೋಪಿ ಯಾಕೆ?"

"ಚಳಿ."

"ಎಲ್ಲಿ, ತೆಗಿ ನೋಡೋಣ."

"ಬೇಡ."

ತೆಗೆದೆ. ಕಿವಿಯ ಬಾಗಿಲಲ್ಲಿ ಒಂದು ಪುಟ್ಟ ಉಬ್ಬು ಇರುತ್ತದಲ್ಲ, ಅದನ್ನು ಬೆರಳಿನಿಂದ ಮುಟ್ಟಿದೆ, ಒತ್ತಲೂ ಇಲ್ಲ. ಅವಳ ಇಡೀ ಮೈ ಸೆಟೆಯಿತು. ಕೂಗಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಆರು ವರ್ಷದ ಮಗು ಕೂಗದೆ ನೋವು ನುಂಗುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನೋವಿಲ್ಲ," ಅಂದಳು.

"ನಿಂಕೆ."

"ಅಮ್ಮಂಗೆ ಹೇಳ್ಬೇಡ ವೀಟ್ಸೆ. ಹೇಳಿದ್ರೆ ಈಜಕ್ಕೆ ಬಿಡಲ್ಲ. ಅಪ್ಪ ಬರ್ತಾನೆ. ನಾನು ಬೂಟು ಹಾಕ್ಕೊಂಡು ಈಜೋದನ್ನ ಅಪ್ಪ ಯಾವತ್ತೂ ನೋಡೇ ಇಲ್ಲ." ನನ್ನ ಬೆರಳು ಹಿಡಿದುಕೊಂಡಳು. "ಪ್ಲೀಸ್. ನಿಂಗೆ ನನ್ನ ಹೊಸ ಗೊಂಬೆ ಕೊಡ್ತೀನಿ."

ಆಗ ನನ್ನೊಳಗೆ ಏನಾಯಿತು ಅಂತ ಹೇಳಬೇಕು. ಮೊದಲು ಸಂಕಟವಾಯಿತು, ನಿಜ. ಆದರೆ ಅದರ ಬೆನ್ನಿಗೇ, ಅದರ ಜುಟ್ಟು ಹಿಡಿದುಕೊಂಡೇ, ಸಂತೋಷ ಬಂತು. ಸಿಹಿಯಾದ, ಹಸಿ ಸಂತೋಷ. ನೋಡಿದೆಯಾ ಮಗನೇ. ಸಮುದ್ರದ ಮೇಲೆ ಬದುಕುವವನೇ. ನಿನ್ನ ಕಡ್ಡಿಯಿಂದಲೇ ನಿನ್ನ ಕುರ್ಚಿ ಹೋಯಿತು. ರಜೆ ಹಾಕಿ, ಹಡಗಿನವರ ಹತ್ತಿರ ಹಲ್ಲು ಕಿರಿದು ಸಂಪಾದಿಸಿದ ಶನಿವಾರ ಹೋಯಿತು. ಅವಳು ಹೇಳಬೇಡ ಅಂದಷ್ಟೂ ನನಗೆ ಹೇಳುವ ಆಸೆ ಹೆಚ್ಚಿತು. ಕಿವಿಗೋಸ್ಕರ ಹೇಳಲೇಬೇಕಿತ್ತು, ಆ ನೋವಿನಲ್ಲಿ ಅವಳು ನೀರಿಗಿಳಿಯುವಂತಿರಲಿಲ್ಲ. ಆದರೆ ಮೆಟ್ಟಿಲಿನ ಬುಡಕ್ಕೆ ಹೋಗಿ ಮರಿಟ್‌ಳನ್ನು ಕರೆದ ನನ್ನ ಗಂಟಲು ಕಿವಿಗೋಸ್ಕರ ಕರೆದದ್ದಲ್ಲ.

ಮರಿಟ್ ಒದ್ದೆ ಕೂದಲಲ್ಲೇ ಇಳಿದು ಬಂದಳು. ನನ್ನ ಮುಖ ನೋಡಿದಳು. ಮಗುವಿನ ಕಿವಿ ನೋಡುವ ಮೊದಲು ನನ್ನ ಮುಖ ನೋಡಿದಳು.

"ನಗ್ತಾ ಇದೀಯಾ?"

"ಇಲ್ಲ."

"ನಗ್ತಾ ಇದೀಯ. ಶನಿವಾರ ತಪ್ಪಿಸ್ಬೇಕು ಅಂತ ಕಾಯ್ತಾನೇ ಇದ್ದೆ ನೀನು. ಏನು ಹೊಟ್ಟೆಕಿಚ್ಚೋ ನಿಂದು, ಮಗು ಕಿವೀಲೂ ಅದನ್ನೇ ಹುಡುಕ್ತೀಯಲ್ಲ!"

"ಕಿವಿ ಮುಟ್ಟಿ ನೋಡು. ಆಮೇಲೆ ಬೈಯಿ."

ನಿಂಕೆ ಮೇಜಿನ ಕೆಳಗೆ ಹೊಕ್ಕಳು. "ನೋವಿಲ್ಲ! ವೀಟ್ಸೆ ಸುಳ್ಳು ಹೇಳ್ತಾನೆ! ಅವನಿಗೆ ಅಪ್ಪ ಬರೋದು ಇಷ್ಟ ಇಲ್ಲ!"

ಎರಡು ಮಾತಿನಲ್ಲಿ ಒಂದು ಸುಳ್ಳು, ಒಂದು ನಿಜ. ನಿಜವಾದದ್ದು ಯಾವುದು ಅಂತ ಮೂವರಿಗೂ ಗೊತ್ತಿತ್ತು.

ಡಾಕ್ಟರ್ ಮಧ್ಯಾಹ್ನ ನೋಡಿದರು. ದೀಪ ಹಿಡಿದ ತಕ್ಷಣವೇ ತುಟಿ ಬಿಗಿದರು. "ಒಳಗೆ ಯಾರು ಕೆದಕಿದ್ದು? ಚರ್ಮ ಗೀರಿದೆ, ಪೂರ್ತಿ ಊದಿಕೊಂಡಿದೆ." ಕಿವಿಗೆ ಹಾಕುವ ಹನಿ ಔಷಧ ಬರೆದುಕೊಟ್ಟರು. ಪೂರ್ತಿ ವಾಸಿಯಾಗುವವರೆಗೆ ತಲೆಗೂ ನೀರು ಸೋಕಬಾರದು ಎಂದರು. ನಾನು ಮರಿಟ್ ಕಡೆ ನೋಡಿದೆ. ಕೆದಕಿದ್ದು ಯಾರು ಅಂತ ಡಾಕ್ಟರಿಗೆ ಅವಳ ಬಾಯಿಂದಲೇ ಹೇಳಿಸಬೇಕು ಅನ್ನಿಸಿತ್ತು. ಅವಳು, "ಅವಳ ತಂದೆ. ಗೊತ್ತಿಲ್ಲದೆ ಮಾಡಿದಾರೆ," ಅಂದಳು. ಡಾಕ್ಟರ್ ನನ್ನ ಕಡೆ ತಿರುಗಿ, "ಇನ್ನು ಮುಂದೆ ಹಾಗೆ ಮಾಡ್ಬೇಡಿ," ಅಂದರು.

ನಾನು ಹೂಂ ಅಂದೆ. ಮತ್ತೇನು ಹೇಳಲಿ? ನಾನಲ್ಲ ಸ್ವಾಮಿ, ನಾನು ಬರೀ ವೀಟ್ಸೆ ಅನ್ನಲೇ?

ಫೋನಿನಲ್ಲಿ ರುಟ್ಗರ್‌ನ ದನಿ ಅಡುಗೆಮನೆಯ ತುಂಬ ಕೇಳಿಸಿತು. "ನಮ್ಮಮ್ಮ ನಂಗೆ ಹಾಗೇ ಮಾಡ್ತಿದ್ಲು! ನಂಗೇನಾಗಿದೆ?" ಆಮೇಲೆ ದನಿ ಇಳಿಯಿತು. ಆಮೇಲೆ, "ರಜೆ ಹೆಂಗೂ ಹಾಕಿದೀನಿ. ಬರ್ತೀನಿ ಬಿಡು," ಅಂದ.

ಬಂದ. ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಪರೀಕ್ಷೆಯಿದ್ದಿದ್ದರೆ ಒಂದು ಗಂಟೆ ಕುರ್ಚಿಯ ಮೇಲೆ ಕೂತು, ಚಪ್ಪಾಳೆ ತಟ್ಟಿ, ಹೋಗುತ್ತಿದ್ದ. ಪರೀಕ್ಷೆ ಇಲ್ಲ, ಅದಕ್ಕೇ ಅವನಿಗೆ ಇಡೀ ದಿನ ಸಿಕ್ಕಿತು. ಅವಳನ್ನು ಬಂದರಿಗೆ ಕರೆದುಕೊಂಡು ಹೋಗಿ ಹಡಗು ತೋರಿಸಿದ, ಕರಿದ ಆಲೂಗಡ್ಡೆ ತಿನ್ನಿಸಿದ, ಕಿವಿಗೆ ಗಾಳಿ ತಾಗದಿರಲಿ ಅಂತ ತನ್ನ ಕುತ್ತಿಗೆಯ ಬಟ್ಟೆಯನ್ನು ಅವಳ ತಲೆಗೆ ಸುತ್ತಿದ. ನಾನೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. ಹೊರಡುವಾಗ ಒಂದು ಹೊಸ ಅಂಗಿ ಕೊಟ್ಟ, ನೀಲಿ, ಎದೆಯ ಮೇಲೆ ಹಡಗಿನ ಚಿತ್ರ. "ಪರೀಕ್ಷೆ ದಿನ ಹಾಕ್ಕೋ," ಅಂದ.

ನಿಂಕೆ ನನ್ನ ಜೊತೆ ಮಾತು ಬಿಟ್ಟಳು. ದಿನಾ ಬೆಳಿಗ್ಗೆ ಸಂಜೆ ಹನಿ ಹಾಕುತ್ತಿದ್ದವನು ನಾನೇ. ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅವಳನ್ನು ಮಗ್ಗುಲಾಗಿ ಮಲಗಿಸಿ ಹಾಕುತ್ತಿದ್ದೆ. ಅವಳು ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಹನಿ ಇಳಿಯುವ ತನಕ ಕಾಯಬೇಕಲ್ಲ, ಆ ಹೊತ್ತೆಲ್ಲ ಅವಳ ಬೆನ್ನು ನೋಡುತ್ತ ನಾನು ಕೂತಿರುತ್ತಿದ್ದೆ. ಒಂದು ದಿನ ಗೋಡೆಗೇ ಹೇಳಿದಳು, "ನೀನು ಗುಟ್ಟು ಇಟ್ಕೊಳ್ಳಲ್ಲ."

"ಕಿವಿ ಕೇಳಿಸ್ದೇ ಹೋಗಿದ್ರೆ?"

"ಅದಕ್ಕಲ್ಲ ನೀನು ಹೇಳಿದ್ದು."

ಮಗುವಿಗೆ ಇಷ್ಟು ಗೊತ್ತಾಗಬಾರದು. ಯಾರ ಬುದ್ಧಿ ಬಂದಿದೆಯೋ.

ಮುಂದಿನ ಪರೀಕ್ಷೆ ವಸಂತದಲ್ಲಿ ಬಂತು. ಅಲಿಡಾ ಟೀಚರ್ ಅದೇ ಇಬ್ಬರ ಮಾತು ಹೇಳಿದಳು. ಹಡಗು ದೂರ ಇರಲಿ, ಬಿರುಗಾಳಿ ಏಳಲಿ, ಅವನ ರೈಲು ಕೆಟ್ಟು ನಿಲ್ಲಲಿ ಅಂತ ನಾನು ವಾರವಿಡೀ ಬೇಡಿಕೊಂಡೆ. ಶನಿವಾರ ಬೆಳಿಗ್ಗೆ ಚೀಲ ಕಟ್ಟಿದೆ. ಹಳದಿ ಅಂಗಿಯನ್ನು ಮೇಲಿಟ್ಟೆ. ನಿಂಕೆ ಬಂದು ಅದನ್ನು ತೆಗೆದು ಕುರ್ಚಿಯ ಮೇಲೆ ಹಾಕಿ, ನೀಲಿ ಅಂಗಿ ತುರುಕಿದಳು.

"ಅದು ದಪ್ಪ. ನೀರು ಕುಡಿಯತ್ತೆ. ಭಾರ ಆಗತ್ತೆ," ಅಂದೆ.

"ಆಗಲಿ."

ಅವನು ಬಂದಿದ್ದ, ಕ್ಯಾಮರಾ ಸಮೇತ. ಕೊಳದ ಬದಿ ಕೊಳೆಯಾಗದ ಹಾಗೆ ಬೂಟಿಗೆ ನೀಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಮರಿಟ್ ಪಕ್ಕ ಕೂತ. ನಾನು ಮೇಲೆ ಕ್ಯಾಂಟೀನಿನಲ್ಲಿ, ಗಾಜಿನ ಹಿಂದೆ, ಅಜ್ಜ ಅಜ್ಜಿಯರ ಗುಂಪಿನಲ್ಲಿ, ಕರಿದ ಆಲೂಗಡ್ಡೆಯ ತಟ್ಟೆ ಹಿಡಿದು ನಿಂತೆ. ಪಕ್ಕದ ಮುದುಕ ಕೇಳಿದ, "ನಿನ್ನದು ಯಾವ ಮಗು?"

"ನೀಲಿ ಅಂಗಿ," ಅಂದೆ. ಬೇರೆ ಉತ್ತರ ಇರಲಿಲ್ಲ.

ಮಕ್ಕಳು ಬಟ್ಟೆ ಬೂಟು ಸಮೇತ ಸಾಲಾಗಿ ಹಾರಿದರು. ನೀಲಿ ಅಂಗಿ ನಾನು ಹೇಳಿದ ಹಾಗೇ ನೀರು ಕುಡಿದು ಬೆನ್ನ ಮೇಲೆ ಗುಳ್ಳೆಯ ಹಾಗೆ ಎದ್ದಿತು, ಆಮೇಲೆ ಕೆಳಗೆಳೆಯಿತು. ಅವಳ ಗಲ್ಲ ಮುಳುಗಿತು. ನನ್ನ ಹಣೆ ಗಾಜಿಗೆ ತಗುಲಿತು. ಒದಿ, ಒದಿ, ಕಪ್ಪೆಯ ಹಾಗೆ ಒದಿ. ಒದ್ದಳು. ಕೆಳಗೆ ಅವನು ಕ್ಯಾಮರಾದಲ್ಲಿ ಕಣ್ಣು ನೆಟ್ಟಿದ್ದ, ಅವಳು ಮುಳುಗಿದ್ದೂ ಅವನಿಗೆ ಚಿತ್ರವೇ. ಆಮೇಲೆ ಬಟ್ಟೆ ಕಳಚಿ, ಈಜುಡುಗೆಯಲ್ಲಿ. ನೀರಿನೊಳಗೆ ಇಳಿಬಿಟ್ಟ ಪರದೆಯ ತೂತಿನಲ್ಲಿ ತೂರಬೇಕು. ಅವಳು ತಲೆ ಮುಳುಗಿಸಿ ಹೋದಳು. ಬಹಳ ಹೊತ್ತು ನೀರು ಸುಮ್ಮನಿತ್ತು. ಪರದೆಯ ಆ ಕಡೆ ಅವಳ ತಲೆ ಎದ್ದಾಗ ನಾನು ಕೂಗಿದೆ. ಮುದುಕನ ಕಾಫಿ ಚೆಲ್ಲಿತು.

ಪ್ರಮಾಣಪತ್ರ ಕೊಟ್ಟರು. ಅವಳು ಓಡಿ ಹೋಗಿ ಅಪ್ಪನ ಕತ್ತಿಗೆ ಬಿದ್ದಳು. ಒದ್ದೆ ಮಗುವನ್ನು ಎತ್ತಿ ಅವನು ಸುತ್ತಿಸಿದ. ಚಪ್ಪಾಳೆ. ಮರಿಟ್ ಕಣ್ಣೊರೆಸಿಕೊಂಡಳು. ಗಾಜಿನ ಕಡೆ ಯಾರೂ ನೋಡಲಿಲ್ಲ. ಸರಿ, ಮುಗಿಯಿತು, ಮನೆಗೆ ಹೋಗೋಣ ಅಂತ ನಾನು ಕೋಟಿನ ಗುಂಡಿ ಹಾಕಿಕೊಂಡೆ.

ಆಗ ನಿಂಕೆ ತಲೆ ಕೊಡವಿದಳು. ಒಮ್ಮೆ, ಮತ್ತೊಮ್ಮೆ. ಎಡಗಿವಿಗೆ ಕೈ ಇಟ್ಟಳು. ರುಟ್ಗರ್ ಟವೆಲು ಹಿಡಿದುಕೊಂಡು ಅವಳ ಮುಂದೆ ಕೂತ. ಆಮೇಲೆ ಕೂತಲ್ಲೇ ಕಲ್ಲಾದ. ಟವೆಲನ್ನು ಬಾಂಬಿನ ಹಾಗೆ ಹಿಡಿದಿದ್ದ, ಆ ಕಿವಿಯನ್ನು ಮುಟ್ಟಲು ಅವನಿಗೆ ಹೆದರಿಕೆ. ಏನೋ ಕೇಳಿದ. ಅವಳು ಏನೋ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಸಿಟ್ಟಿನಿಂದ ಕಾಲು ಅಪ್ಪಳಿಸಿ, ಕೈ ಎತ್ತಿ ಮೇಲೆ ತೋರಿಸಿದಳು. ನನ್ನನ್ನು.

ಅವನು ತಲೆ ಎತ್ತಿ ನೋಡಿದ. ಮರಿಟ್ ನೋಡಿದಳು. ಅಲಿಡಾ ಟೀಚರೂ ನೋಡಿದಳು.

ನಾನು ಬೆನ್ನು ತಿರುಗಿಸಬಹುದಿತ್ತು. ನಿನ್ನ ಮಗಳು, ನಿನ್ನ ಕುರ್ಚಿ, ನಿನ್ನ ಕಿವಿ, ನೋಡಿಕೋ ಅನ್ನಬಹುದಿತ್ತು. ಆಸೆ ಇತ್ತು, ಕೈಕಾಲು ಸುಡುವಷ್ಟು. ತಟ್ಟೆಯನ್ನು ಮುದುಕನ ಕೈಗೆ ಕೊಟ್ಟೆ. ತಲೆ ಎಡಕ್ಕೆ ವಾಲಿಸಿದೆ, ಕಿವಿಯ ಮೇಲಂಚು ಹಿಡಿದು ಹಿಂದಕ್ಕೆ ಎಳೆದೆ, ಎಡಗಾಲಿನಲ್ಲಿ ಕುಣಿದೆ. ಇಟ್ಟಿಗೆ ಕೆಲಸದ ಬೂಟು, ಕ್ಯಾಂಟೀನಿನ ನೆಲ ಧಡ್ ಧಡ್ ಅಂತು.

"ಏನಯ್ಯಾ, ಚಡ್ಡಿಯೊಳಗೆ ಇರುವೆ ಹೊಕ್ತಾ?" ಅಂದ ಮುದುಕ. ಎಲ್ಲರೂ ನಕ್ಕರು.

ಕೆಳಗೆ ನಿಂಕೆಯೂ ಕುಣಿದಳು. ಅವಳ ಬಾಯಿ ಆಡುವುದು ಕಂಡಿತು. ಗಾಜಿನಲ್ಲಿ ಕೇಳದಿದ್ದರೂ ನನಗೆ ಕೇಳಿಸಿತು. ಇಳಿಯೋ ಮೀನೇ. ರುಟ್ಗರ್ ಅವಳ ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದ, ಮೊಟ್ಟೆ ಹಿಡಿಯುವ ಹಾಗೆ. ನೀರು ಇಳಿದಿರಬೇಕು, ಅವಳು ಕಿರುಚಿ ಭುಜ ಒರೆಸಿಕೊಂಡಳು. ಅವನು ಟವೆಲಿನ ಮೂಲೆ ತೆಗೆದುಕೊಂಡು ಹೊರಗಷ್ಟೇ ಒರೆಸಿದ. ಒಳಗೆ ಹೋಗಲಿಲ್ಲ. ಒರೆಸಿ, ಸರಿಯಾ ಅಂತ ಮೇಲೆ ನೋಡಿದ. ಆ ಹಲ್ಲು ಈಗ ಕಾಣುತ್ತಿರಲಿಲ್ಲ.

ಸರಿಯಾಗಿಯೇ ಮಾಡಿದ್ದ. ತಪ್ಪು ಹುಡುಕಿದೆ, ಸಿಗಲಿಲ್ಲ. ನನ್ನದು ಅಂತ ಇದ್ದದ್ದು ಅದೊಂದೇ. ಅದನ್ನೂ ಕಲಿತುಕೊಂಡ, ನಾಯಿ.

ಇನ್ನೊಂದು ಕಿವಿ ಬಾಕಿ ಇತ್ತು. ನಿಂಕೆ ನನ್ನನ್ನೇ ನೋಡುತ್ತ ಕಾಯುತ್ತಿದ್ದಳು. ನಾನು ಕಾಲು ಬದಲಿಸಿದೆ.